ಮಾವನವರ ನಾಲ್ಕು ಧೋತರ

ನನ್ನ ಮಗಳ ಕುಂಡಿ ರಸೆಲ್ ಮಾರುಕಟ್ಟೆಯ ಟೊಮೆಟೊ ಬಣ್ಣಕ್ಕೆ ತಿರುಗಿದ ವಾರವೇ ಗದಗದಿಂದ ನಮ್ಮ ಅತ್ತೆ, ಮಾವ ಬಂದಿಳಿದರು.

ಬಾಣಂತನಕ್ಕೆ ಮೈಸೂರಿನ ತವರಿನಲ್ಲಿದ್ದಷ್ಟು ದಿನ ಅಮ್ಮ ತನ್ನ ಹಳೆ ಸೀರೆ ಹರಿದು ಲಂಗೋಟಿ ಕಟ್ಟುತ್ತಿದ್ದಳು. ಹಲಸೂರಿನ ನಮ್ಮ ಬಾಡಿಗೆ ಮನೆಗೆ ವಾಪಸು ಹೊರಟಾಗ ಆ ಗಂಟನ್ನು ನಾನು ಅಲ್ಲೇ ಬಿಟ್ಟೆ. "ಇದನ್ನೆಲ್ಲ ಈಗ ಯಾರಮ್ಮ ಒಗೀತಾರೆ? ಡೈಪರ್ ಸಿಗುತ್ತೆ, ಕಟ್ಟು, ಬಿಚ್ಚು, ಬಿಸಾಕು!" ಎಂದು ಸಾಬೂನಿನ ಜಾಹೀರಾತಿನ ಹೆಂಗಸಿನಂತೆ ಕೈ ಬೀಸಿ ಹೇಳಿದ್ದು ನೆನಪಿದೆ. ಎರಡು ಸಾವಿರದ ನಾಲ್ಕನೇ ಇಸವಿ. ನಮ್ಮ ಬೀದಿಯಲ್ಲಿ ಡೈಪರ್ ಕಟ್ಟಿಸಿಕೊಂಡ ಮೊದಲ ಕೂಸು ನನ್ನದೇ ಇರಬೇಕು. ಮೊದಲು ಕುಂಡಿ ಕೆಂಪಾದ ಕೂಸೂ ಅದೇ.

ನಮ್ಮ ಅತ್ತೆ ಕಮಲವ್ವ ಬಂದವರು ಕಾಲು ತೊಳೆದು, ನೀರು ಕುಡಿದು, ನೆಟ್ಟಗೆ ತೊಟ್ಟಿಲಿಗೆ ಹೋದರು. ಕೂಸನ್ನು ಎತ್ತಿ, ಮೂಸಿ, ಮಗುಚಿ ನೋಡಿದರು.

"ಯವ್ವಾ, ಇದೇನಿದು! ಕೂಸಿನ ಕುಂಡಿ ಪ್ಲಾಸ್ಟಿಕ್ ಚೀಲದಾಗ ಕಟ್ಟೀರಲ್ಲ, ಬದನಿಕಾಯಿ ಏನು ಅದು?"

"ಡೈಪರ್ ಅತ್ತೆ. ಒದ್ದೆಯನ್ನೆಲ್ಲ ಅದೇ ಹೀರ್ಕೊಳ್ಳುತ್ತೆ."

"ಹೀರತೈತಿ ಖರೆ. ಹೀರಿ ಎಲ್ಲಿ ಇಡತೈತಿ? ಅಲ್ಲೇ ಇಡತೈತಿ. ಉಚ್ಚಿ ಹೊಯ್ದ ತಲಿದಿಂಬಿನ ಮ್ಯಾಲೆ ದಿನಾಪೂರ್ತಿ ನೀ ಕುಂದರತೀಯೇನು?"

ಇದಕ್ಕೆ ಉತ್ತರ ಡೈಪರ್ ಪ್ಯಾಕೆಟ್ಟಿನ ಮೇಲೆ ಬರೆದಿರಲಿಲ್ಲ. ಇಂದಿರಾನಗರದ ಮಕ್ಕಳ ಡಾಕ್ಟರೂ ಮುಲಾಮು ಬರೆದುಕೊಟ್ಟು, "ಚರ್ಮ ಸರಿಹೋಗೋವರೆಗೂ ಮೆತ್ತಗಿನ ಹತ್ತಿ ಬಟ್ಟೇನೇ ಕಟ್ಟಿ" ಎಂದುಬಿಟ್ಟರು. ಮೆತ್ತಗಿನ ಹತ್ತಿ ಬಟ್ಟೆ! ಏನೋ ಕೊತ್ತಂಬರಿ ಸೊಪ್ಪು ತನ್ನಿ ಅಂದಷ್ಟು ಸಲೀಸಾಗಿ.

ನನ್ನ ಗಂಡ ಗುರುಕಿರಣ ಆ ಸಂಜೆಯೇ ಕಮರ್ಷಿಯಲ್ ಸ್ಟ್ರೀಟಿಗೆ ಹೋಗಿ ಹೊಸ ಬಿಳಿ ಬಟ್ಟೆ ತಂದರು. ಅದರ ಗಂಜಿಗೆ ಬಟ್ಟೆ ಮೇಜಿನ ಮೇಲೆ ತಾನಾಗಿ ನಿಂತುಕೊಳ್ಳುತ್ತಿತ್ತು.

"ಪ್ಯೂರ್ ಕಾಟನ್ ಅವ್ವಾ," ಎಂದರು ಹೆಮ್ಮೆಯಿಂದ.

ಅತ್ತೆ ಬೆರಳಿನಿಂದ ಅದನ್ನು ಬಡಿದು ನೋಡಿದರು. ಟಪ್ ಎಂದಿತು. "ಇದನ್ನ ಕೂಸಿಗೆ ಕಟ್ಟೋದೋ, ಇಲ್ಲಾ ಇದರಾಗ ಕೂಸನ್ನ ಪಾರ್ಸಲ್ ಮಾಡೋದೋ? ಹೊಸಾ ಅರಿವಿ ಯಾರರ ಎಳೀ ಕೂಸಿಗೆ ಹಾಕ್ತಾರೇನಪಾ? ಮನಷ್ಯಾರು ಉಟ್ಟು ಉಟ್ಟು, ಒಗದು ಒಗದು ಹಣ್ಣಾಗಿದ್ದು ಬೇಕು."

ಬೀರು ತೆರೆದೆವು. ನನ್ನ ಸೀರೆಗಳು ಪಾಲಿಸ್ಟರ್, ನೈಟಿ ನೈಲಾನ್, ಗುರುಕಿರಣರ ಅಂಗಿಗಳು ಟೆರಿಕಾಟ್, ಪ್ಯಾಂಟುಗಳು ಜೀನ್ಸ್. ಮದುವೆಯಲ್ಲಿ ಬಂದ ಮಂಚದ ಹಾಸುಗೆಯ ಮೇಲೆ ನೀರು ಚೆಲ್ಲಿದರೆ ಹನಿಹನಿಯಾಗಿ ಉರುಳಿ ಹೋಗುತ್ತಿತ್ತು. ಇಷ್ಟು ದೊಡ್ಡ ಸಂಸಾರದಲ್ಲಿ ಉಚ್ಚೆ ಹೀರುವಂಥ ಒಂದು ಬಟ್ಟೆ ಇಲ್ಲ!

ಕೆಳಗಡೆ ಮನೆಯ ಒಡತಿ ನೂರ್ಜಹಾನ್ ಆಂಟಿಯನ್ನು ಕೇಳಿದೆ. ಅವರು ಹಣೆ ಬಡಿದುಕೊಂಡರು. "ಕ್ಯಾ ಬೋಲೂಂ ಬೇಟಿ, ನಮ್ದೂ ಎಲ್ಲ ಪಾಲಿಸ್ಟರ್ರೇ. ಒಂದು ಹಳೇ ಕಾಟನ್ ಬೆಡ್‌ಶೀಟ್ ಇತ್ತು, ನಮ್ಮವ್ರು ಅದ್ರಲ್ಲಿ ಸ್ಕೂಟರ್ ಒರ್ಸಿ ಒರ್ಸಿ ಆಯಿಲ್ ಮಾಡಿ ಇಟ್ಟವ್ರೆ."

ಮೆಟ್ಟಿಲು ಹತ್ತಿ ವಾಪಸು ಬಂದೆ. ಅತ್ತೆ ನಡುಮನೆಯಲ್ಲಿ ಕೂತು ಎದುರಿಗಿನ ಕುರ್ಚಿಯನ್ನೇ ದಿಟ್ಟಿಸುತ್ತಿದ್ದರು. ಕುರ್ಚಿಯಲ್ಲಿ ಪೇಪರು ಓದುತ್ತ ಮಾವನವರಿದ್ದರು. ಆದರೆ ಅತ್ತೆ ನೋಡುತ್ತಿದ್ದದ್ದು ಮಾವನವರನ್ನಲ್ಲ, ಸೊಂಟದಿಂದ ಕೆಳಗೆ ಅವರು ಉಟ್ಟಿದ್ದ ಬಿಳಿ ಧೋತರವನ್ನು.

ನಮ್ಮ ಮಾವ ಚನ್ನಪ್ಪನವರು ಗದಗದ ಒಂದು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರರಾಗಿ ನಿವೃತ್ತರಾದವರು. ಗಣಿತಕ್ಕಿಂತ ಅವರ ಹೆಸರು ಇದ್ದದ್ದು ಶಾಲೆಯ ಬಾಗಿಲಲ್ಲಿ. ದಿನಾ ಬೆಳಿಗ್ಗೆ ಅಲ್ಲಿ ನಿಂತು ಹುಡುಗರ ಗುಂಡಿ, ಕಾಲರು, ಚಡ್ಡಿಯ ಬಣ್ಣ ನೋಡುತ್ತಿದ್ದರು. ಯೂನಿಫಾರ್ಮು ಚೂರು ಹೆಚ್ಚುಕಮ್ಮಿಯಾದರೆ, "ಮನಿಗೆ ನಡಿ!" ಅಷ್ಟೇ. ಆ ಹುಡುಗರಲ್ಲಿ ಕೆಲವರು ಈಗ ಬೆಂಗಳೂರಿನಲ್ಲಿ ದೊಡ್ಡವರಾಗಿ, ಬರುವ ಭಾನುವಾರ ಇಂದಿರಾನಗರದ ಒಂದು ಹಾಲ್‌ನಲ್ಲಿ ಮಾಸ್ತರರಿಗೆ ಸನ್ಮಾನ ಇಟ್ಟುಕೊಂಡಿದ್ದರು. ಮಾವ ಬಂದದ್ದು ಮೊಮ್ಮಗಳನ್ನು ನೋಡಲು ಎಂದು ನಾವು ಹೇಳಿಕೊಳ್ಳುತ್ತಿದ್ದೆವು. ಮಾವ ಮಾತ್ರ ಹಾಗೆ ಹೇಳಿಕೊಳ್ಳುತ್ತಿರಲಿಲ್ಲ. ಜೀವಮಾನದಲ್ಲಿ ಯಾರೂ ಅವರನ್ನು ವೇದಿಕೆ ಹತ್ತಿಸಿರಲಿಲ್ಲ. ಬೇರೆಯವರ ಸನ್ಮಾನಕ್ಕೆ ಕುರ್ಚಿ ಹಾಕಿಸುವ ಮಾಸ್ತರರಾಗಿಯೇ ಮೂವತ್ತು ವರ್ಷ ಕಳೆದವರು.

ಅದಕ್ಕಾಗಿ ನಾಲ್ಕು ಧೋತರ ತಂದಿದ್ದರು. ಮೂರು ಮನೆಯಲ್ಲಿ ಉಡಲು. ನಾಲ್ಕನೆಯದು ಕೆಂಪು ಅಂಚಿನದು, ನಿವೃತ್ತಿಯ ದಿನ ಉಟ್ಟದ್ದು, ಸನ್ಮಾನಕ್ಕೆಂದೇ ಇಸ್ತ್ರಿ ಮಾಡಿಸಿ ಟ್ರಂಕಿನಲ್ಲಿ ಮಲಗಿಸಿದ್ದು.

"ಏನ್ರೀ," ಎಂದರು ಅತ್ತೆ, ದನಿಯಲ್ಲಿ ಬೆಲ್ಲ ಕರಗಿಸಿ. "ಆ ನೀಲಿ ಅಂಚಿಂದು ಭಾಳ ಹಳೇದಾಗೈತಿ ನೋಡ್ರಿ."

"ಹಳೇದಾದ್ರ ಏನಾತು? ನಾನೂ ಹಳಬನ."

"ನಿಮ್ಮನ್ನ ಹರದರ ಲಂಗೋಟಿ ಆಗಂಗಿಲ್ಲಲ್ಲ."

ಮಾವ ಪೇಪರು ಮಡಿಸಿದರು. ಮಠಕ್ಕೆ ಹೊಲ ಬರೆದುಕೊಡುವವರ ಗತ್ತಿನಲ್ಲಿ, "ಆತು, ತಗೋ. ಒಂದ ಮತ್ತ," ಎಂದರು. ಪರ್‍ರ್ ಎಂದು ಧೋತರ ಹರಿಯಿತು. ಮಾವ ಕಣ್ಣು ಮುಚ್ಚಿಕೊಂಡರು.

ಏನು ಹೇಳಲಿ, ಎರಡೇ ದಿನಕ್ಕೆ ಟೊಮೆಟೊ ಗುಲಾಬಿಯಾಯಿತು. ಕೂಸು ಹೊತ್ತಿಗೆ ಸರಿಯಾಗಿ ನಿದ್ದೆ ಮಾಡತೊಡಗಿತು. ಕೆಲಸ ಸುಲಭವಾಯಿತು ಅಂದುಕೊಳ್ಳಬೇಡಿ. ನೆನೆಸು, ಉಜ್ಜು, ಕುದಿಸು, ಹಿಂಡು. ನನ್ನ ಅಂಗೈ ಮುದುಕಿಯದಾಯಿತು. ಅದರ ಮೇಲೆ ಮಳೆ ಹಿಡಿಯಿತು. ಲಂಗೋಟಿ ಒಣಗಲೊಲ್ಲದು. ಫ್ಯಾನಿನ ರೆಕ್ಕೆಗೆ ಕಟ್ಟಿದೆವು, ಟೀವಿಯ ಹಿಂದೆ ಹರಡಿದೆವು, ಕುಕ್ಕರಿನ ಮುಚ್ಚಳಕ್ಕೆ ಹೊದಿಸಿದೆವು. ಗುರುಕಿರಣರ ಆಫೀಸಿನವರೊಬ್ಬರು ಮನೆಗೆ ಬಂದು, ಬಾಗಿಲಲ್ಲೇ ತಲೆ ಎತ್ತಿ ನೋಡಿ, "ಏನ್ ಗುರು, ಇಷ್ಟೊಂದು ಬಾವುಟ, ಪಾರ್ಟಿ ಮೀಟಿಂಗಾ?" ಎಂದರು.

ಎರಡನೇ ಧೋತರ ಮಾವ ಸ್ನಾನಕ್ಕೆ ಹೋದಾಗ ಹೋಯಿತು. ಮಾವ ಟವೆಲು ಸುತ್ತಿಕೊಂಡು ಹೊರಬಂದರು. ಅತ್ತೆಯ ಕೈಯಲ್ಲಿ ಆಗಲೇ ಚೌಕಗಳಿದ್ದವು.

"ಒಂದ ಅಂತ ಹೇಳಿದ್ನೋ ಇಲ್ಲೋ?"

"ಮಳಿಗೆ ಹೇಳಿ ಬರ್ರಿ."

ಅಂದೇ ಮಾವ ಟ್ರಂಕಿಗೆ ಬೀಗ ಹಾಕಿದರು. ಕೀಲಿಕೈಯನ್ನು ಕೊರಳಿನ ಶಿವದಾರಕ್ಕೇ ಗಂಟು ಹಾಕಿಕೊಂಡರು. ಲಿಂಗದ ಕರಡಿಗೆಯ ಪಕ್ಕ ಕೂತ ಕೀಲಿಗೆ ಹೆಂಡತಿ ಕೈ ಹಾಕುವುದಿಲ್ಲ ಎಂಬುದು ಅವರ ಗಣಿತ. ಲೆಕ್ಕ ಸರಿಯಾಗಿತ್ತು. ಪೂಜೆಯ ಹೊತ್ತಿಗೆ ಲಿಂಗದ ಜೊತೆ ಕೀಲಿಕೈಗೂ ಒಂದು ವಿಭೂತಿ ಬೀಳುತ್ತಿತ್ತು.

ಮೂರನೆಯದನ್ನು ಮಾವ ಮೈಮೇಲಿಂದ ಬಿಚ್ಚಲೇ ಇಲ್ಲ. ಆದರೆ ಶನಿವಾರ ನೂರ್ಜಹಾನ್ ಆಂಟಿ ಕೂಸನ್ನು ಆಡಿಸಲು ಬಂದರು. ಗಾಳಿಯಾಡಲೆಂದು ಕೂಸನ್ನು ಬರಿಮೈಯಲ್ಲಿ ಬಿಟ್ಟಿದ್ದೆವು. ಕೆಳಗೆ ಹಾಲು ಉಕ್ಕಿದ ವಾಸನೆ ಬಂತು. "ಅರೆ ಅಲ್ಲಾ!" ಎಂದು ಆಂಟಿ ಕೈಗೆ ಸಿಕ್ಕ ಮೊದಲ ತೊಡೆಯ ಮೇಲೆ ಕೂಸನ್ನಿಟ್ಟು ಓಡಿದರು. ಅದು ಮಾವನ ತೊಡೆ. ಕುತ್ತಿಗೆ ನಿಲ್ಲಲಿ ಆಮೇಲೆ ಎತ್ತಿಕೊಳ್ಳುತ್ತೇನೆ ಎಂದು ದೂರದಿಂದಲೇ ತಲೆಯಾಡಿಸುತ್ತಿದ್ದ ಮಾವ ಎರಡೂ ಕೈ ಮೇಲೆತ್ತಿ, ಪೊಲೀಸರಿಗೆ ಸಿಕ್ಕವರಂತೆ ಕೂತರು. ಕೂಸು ಅವರ ಮುಖ ನೋಡಿತು, ಮುಕ್ಕರಿಸಿತು, ಎರಡೂ ಬಗೆಯ ಕೆಲಸ ಮುಗಿಸಿ ನಕ್ಕಿತು.

"ಹಳದಿ ಆತಲ್ಲೇ ಎಲ್ಲಾ!"

"ನಾ ಏನೂ ಮಾಡಿಲ್ಲರೀ," ಎಂದರು ಅತ್ತೆ. "ಅಕಿ ತಾನ ಆರಿಸಿಕೊಂಡಾಳ." ಒಗೆದದ್ದೂ ಆಯಿತು, ಹರಿದದ್ದೂ ಆಯಿತು.

ಮಾವನಿಗೆ ಮನೆಯಲ್ಲಿ ಉಡಲು ಏನೂ ಉಳಿಯಲಿಲ್ಲ. ಗುರುಕಿರಣರ ಪ್ಯಾಂಟು ಮಾವನ ಮೊಣಕಾಲು ದಾಟಿ ಮೇಲೆ ಬರಲಿಲ್ಲ. ಕೊನೆಗೆ ನೂರ್ಜಹಾನ್ ಆಂಟಿಯೇ, ತಪ್ಪು ತಮ್ಮದೆಂದು ನೊಂದು, ತಮ್ಮ ಗಂಡ ಲತೀಫ್ ಅಂಕಲ್ ಹಬ್ಬಕ್ಕೆ ತಂದ ಹೊಸ ಲುಂಗಿ ಕೊಟ್ಟರು. ಕಡುಹಸಿರು, ದೊಡ್ಡ ದೊಡ್ಡ ಚೌಕಳಿ, ಚೀಲದ ಹಾಗೆ ಸುತ್ತ ಹೊಲಿದದ್ದು. ಮಾವ ಅದರೊಳಗೆ ಇಳಿದರು. ಕಟ್ಟುವುದು ಹೇಗೆಂದು ಬಾರದು. ಒಂದು ಕೈಯಲ್ಲಿ ಲುಂಗಿ ಹಿಡಿದು, ಇನ್ನೊಂದು ಕೈಯಲ್ಲಿ ಕೀಲಿಕೈ ಹಿಡಿದು ಶನಿವಾರ ಕಳೆದರು.

"ಚಂದ ಕಾಣ್ತಾರೆ ಅಂಕಲ್," ಎಂದರು ನೂರ್ಜಹಾನ್ ಆಂಟಿ.

"ನಾಳೆ ನೋಡ್ರಿ ನೀವು," ಎಂದರು ಮಾವ. "ಕೆಂಪು ಅಂಚಿಂದು ಉಟ್ಟಾಗ ನೋಡ್ರಿ."

ಭಾನುವಾರ ಬೆಳಿಗ್ಗೆ ನೋಡಿದೆವು. ನಿಜಕ್ಕೂ ನೋಡುವಂತಿದ್ದರು. ಕಚ್ಚೆ ಗೆರೆ ಎಳೆದಂತಿತ್ತು, ನೆರಿಗೆ ಎಣಿಸುವಂತಿತ್ತು. ಬಿಳಿ ಅಂಗಿಯ ಕಿಸೆಯಲ್ಲಿ ಬರೆದಿಟ್ಟ ಭಾಷಣ. ಕನ್ನಡಿಯ ಮುಂದೆ ನಿಂತು ಎರಡು ಸಲ ಕೆಮ್ಮಿ, "ನನ್ನ ಪ್ರೀತಿಯ ವಿದ್ಯಾರ್ಥಿಗಳೇ" ಎಂದು ಮೆಲ್ಲಗೆ ಹೇಳಿಕೊಂಡರು. ಅಷ್ಟರಲ್ಲಿ ಅವರನ್ನು ಕರೆದೊಯ್ಯಲು ಹಳೆ ವಿದ್ಯಾರ್ಥಿ ಶಿವಶರಣ ಕಾರು ತಂದರು. ಈಗ ಕಣ್ಣಿನ ಡಾಕ್ಟರು. ಮೆಟ್ಟಿಲು ಹತ್ತುವ ಮೊದಲು ಕಾಲರು ಸರಿಮಾಡಿಕೊಂಡದ್ದನ್ನು ನಾನು ಕಿಟಕಿಯಿಂದ ಕಂಡೆ.

ಒಳಗೆ ಕೂಸು ಅಳುತ್ತಿತ್ತು. ಎರಡು ದಿನದಿಂದ ಸೂರ್ಯನ ಸುಳಿವಿಲ್ಲ. ಮೂರು ಧೋತರದ ತುಂಡುಗಳೂ ಒದ್ದೆ. ಹಸಿಬಟ್ಟೆ ಕಟ್ಟಿ ಕಟ್ಟಿ ಗುಲಾಬಿ ಮತ್ತೆ ಟೊಮೆಟೊ ಆಗುತ್ತಿತ್ತು. ನಾನು ಅಟ್ಟದಿಂದ ಉಳಿದಿದ್ದ ಡೈಪರ್ ಪ್ಯಾಕೆಟ್ ಇಳಿಸಿದೆ. ಅತ್ತೆ ಅದನ್ನು ನೋಡಿದರು. ಧೋತರದ ಕಡೆಗಂತೂ ಕಣ್ಣೆತ್ತಿಯೂ ನೋಡಲಿಲ್ಲ. ಗಂಡನ ಹಣೆಗೆ ವಿಭೂತಿ ಸರಿಮಾಡಿ, "ಹೋಗಿ ಬರ್ರಿ, ಹೊತ್ತಾತು," ಎಂದರಷ್ಟೇ.

ಪ್ಯಾಕೆಟ್ಟಿನ ಪ್ಲಾಸ್ಟಿಕ್ಕು ಚರಚರ ಎಂದಿತು. ಬಾಗಿಲಲ್ಲಿದ್ದ ಮಾವ ನಿಂತರು.

"ಅದೇನದು?"

"ಡೈಪರ್ ಮಾವ. ಇವತ್ತೊಂದಿನ."

"ಡಾಕ್ಟರು ಬ್ಯಾಡ ಅಂದಿದ್ರಲ್ಲ?"

"ಒಣಗಿದ್ದು ಒಂದೂ ಇಲ್ಲ."

ಮಾವ ನನ್ನನ್ನು ನೋಡಿದರು, ಅತ್ತೆಯನ್ನು ನೋಡಿದರು. ಅತ್ತೆ ತೊಟ್ಟಿಲ ಹಗ್ಗ ನೋಡುತ್ತಿದ್ದರು. ಬೇಡಿದ್ದರೆ ಮಾವ ಖಂಡಿತ ಕೊಡುತ್ತಿರಲಿಲ್ಲ. ಅದಕ್ಕೆ ಬೇಕಾದ ಬೈಗುಳವನ್ನೆಲ್ಲ ಮೂರು ದಿನದಿಂದ ಸಿದ್ಧಮಾಡಿ ಇಟ್ಟುಕೊಂಡಿದ್ದರು. ಯಾರೂ ಬೇಡದೇ ಹೋದದ್ದು ಅವರನ್ನು ಕೆಡಿಸಿತು.

"ಯಾಕ, ಯಾರೂ ಕೇಳವಲ್ರಿ?" ಎಂದರು ಸಿಟ್ಟಿನಿಂದ. "ಈ ಧೋತರ ನಿಮ್ಮ ಕೂಸಿಗೆ ಕಮ್ಮಿ ಬಿತ್ತೇನು?"

"ಇವತ್ತ ಬ್ಯಾಡ್ರೀ," ಎಂದರು ಅತ್ತೆ. ದನಿಯಲ್ಲಿ ಬೆಲ್ಲ ಇರಲಿಲ್ಲ. "ಇವತ್ತ ನಿಮ್ಮ ದಿನ."

ಮಾವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ತೆರೆದಾಗ ಕಡುಹಸಿರು ಲುಂಗಿಯಲ್ಲಿದ್ದರು. ಕೆಂಪು ಅಂಚಿನ ಧೋತರವನ್ನು ನೀಟಾಗಿ ಮಡಿಸಿ ನನ್ನ ಕೈಗಿಟ್ಟು, "ನಾ ಕಾರಿನಾಗ ಕುಂತ ಮ್ಯಾಲೆ ಹರೀರಿ. ಸಪ್ಪಳ ಕೇಳಂಗಿಲ್ಲ ನನಗ," ಎಂದರು.

ಶಿವಶರಣ ಲುಂಗಿ ನೋಡಿದರು. ಬಾಯಿ ತೆರೆದರು. ಮಾಸ್ತರ ಮುಖ ನೋಡಿ ಮುಚ್ಚಿದರು.

ಕೂಸಿಗೆ ಕೆಂಪು ಅಂಚಿನ ತುಂಡು ಕಟ್ಟಿಕೊಂಡು ಎಲ್ಲರೂ ಹೋದೆವು. ಹಾಲ್ ತುಂಬಿತ್ತು. ಹಸಿರು ಲುಂಗಿ ವೇದಿಕೆ ಹತ್ತುವಾಗ ಹಿಂದಿನ ಸಾಲುಗಳಲ್ಲಿ ಗುಸುಗುಸು ಎದ್ದಿತು. ಒಬ್ಬರು, "ಮಾಸ್ತರಿಗೆ ಮೈ ಹುಷಾರಿಲ್ಲೇನ್ರಿ?" ಎಂದು ನನ್ನನ್ನೇ ಕೇಳಿದರು. ಗುರುಕಿರಣ ತಲೆ ತಗ್ಗಿಸಿ ತಮ್ಮ ಬೂಟು ನೋಡಿಕೊಂಡರು. ಮಾವ ಮೈಕಿನ ಮುಂದೆ ನಿಂತರು. ಒಂದು ಕೈ ಸೊಂಟದ ಗಂಟಿನ ಮೇಲೆಯೇ ಇತ್ತು. ಭಾಷಣ ಹೊರತೆಗೆದು, ನೋಡಿ, ಮತ್ತೆ ಕಿಸೆಗಿಟ್ಟರು.

"ಇದು ಶಿಸ್ತಿನ ಮ್ಯಾಲೆ ಬರದದ್ದು," ಎಂದರು. "ಇವತ್ತ ಓದಾಕ ಬರಂಗಿಲ್ಲ. ನಾ ಯೂನಿಫಾರ್ಮಿನಾಗ ಇಲ್ಲ. ನಿಮ್ಮಾಗ ಯಾರರ ಎದ್ದು ನನ್ನ ಮನಿಗೆ ಕಳಸ್ರಿ."

ಕಾರಿನಲ್ಲೇ ಕತೆ ತಿಳಿದಿದ್ದ ಶಿವಶರಣ ಎದ್ದು ನಿಂತರು. "ಮನಿಗೆ ಹೋದ್ರ ನಿಮಗ ಹಾಕ್ಕೊಳ್ಳಾಕ ಏನೂ ಇಲ್ಲಲ್ರೀ ಸರ್!"

ನಕ್ಕರು ನೋಡಿ, ನರೆತ ತಲೆಗಳೆಲ್ಲ ಬೆಂಚು ಬಡಿದು ನಕ್ಕವು. ಮಾವ ಧೋತರಗಳ ಕತೆಯನ್ನು ನೀಲಿ ಅಂಚಿನಿಂದ ಶುರುಮಾಡಿ ಒಂದೊಂದಾಗಿ ಹೇಳಿದರು. ಹೆಂಡತಿಯ ದನಿಯಲ್ಲಿ, ನೂರ್ಜಹಾನ್ ಆಂಟಿಯ ದನಿಯಲ್ಲಿ. ಅವರಿಗೆ ಈ ವಿದ್ಯೆ ಗೊತ್ತಿದೆ ಎಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಡುವೆ ಕೂಸು ಕಿರುಚಿತು. "ಏ ಮುಂದಿನ ಬೆಂಚು, ಸುಮ್ಮನ!" ಎಂದು ಮೈಕಿನಲ್ಲಿ ಗದರಿದರು. ಅದು ಇನ್ನೂ ಜೋರಾಗಿ ಕಿರುಚಿತು. "ತಾ ಇಲ್ಲೆ ಅದನ್ನ," ಎಂದು ವೇದಿಕೆಯ ಅಂಚಿಗೆ ಬಂದು ನನ್ನ ಕೈಯಿಂದ ಎತ್ತಿಕೊಂಡರು. ಎತ್ತಿಕೊಳ್ಳಲು ಲುಂಗಿಯ ಗಂಟಿನ ಮೇಲಿಂದ ಕೈ ತೆಗೆಯಬೇಕಾಯಿತು. ದೇವರ ದಯೆ, ಗಂಟು ನಿಂತಿತು.

ವಿದ್ಯಾರ್ಥಿಗಳು ಅದೇ ಹೊತ್ತಿಗೆ ಶಾಲು ಹೊದಿಸಿದರು. ಮಿರಿಮಿರಿ ಮಿಂಚುವ ಜರಿಯ ಶಾಲು, ತಾತನಿಗೂ ಮೊಮ್ಮಗಳಿಗೂ ಸೇರಿ ಸುತ್ತಿಕೊಂಡಿತು. ಫೋಟೋದವರು, "ಸರ್, ಈ ಕಡೆ ಸ್ವಲ್ಪ," ಎಂದರು. ಮಾವನ ಮುಖ ನಗುತ್ತಿದ್ದಂತೆಯೇ ಬದಲಾಯಿತು. ಶಾಲಿನ ಅಂಚಿನಿಂದ ಹನಿ ತೊಟ್ಟಿಕ್ಕಿತು. ಕೆಂಪು ಅಂಚು ತನ್ನ ಪಾಲಿನದನ್ನು ಕುಡಿದು, ಮಿಕ್ಕದ್ದನ್ನು ಬಿಟ್ಟುಕೊಟ್ಟಿತ್ತು.

ಅತ್ತೆ ಮುಂದಿನ ಸಾಲಿನಿಂದ ಎದ್ದು ನೇರ ವೇದಿಕೆ ಹತ್ತಿದರು. ಗಣ್ಯರನ್ನೆಲ್ಲ ಪಕ್ಕಕ್ಕೆ ಸರಿಸಿ, ಶಾಲಿನ ತುದಿಯನ್ನು ಎರಡು ಬೆರಳಿನ ನಡುವೆ ಉಜ್ಜಿ ನೋಡಿದರು. ಮೈಕು ಹತ್ತಿರವೇ ಇತ್ತು.

"ಇದು ಬ್ಯಾಡ ತಗೀರಿ," ಎಂದರು ಗಂಡನಿಗೆ. "ಪಾಲಿಸ್ಟರ್ ಐತಿ. ನೀರು ಕುಡಿಯಂಗಿಲ್ಲ."