ಗಿಡ ಸಿಕ್ಕ ಜಾಗ

“ಹೆಣಾ ಹುಗಿಯೋ ಜಾಗದಾಗಿನ ಗಿಡಾ ತಂದು ಸಾಲಿ ಬಾಕಿನ ಮ್ಯಾಲ ಇಟ್ಟೀಯಲ್ಲ ಭೋಸಡಿ, ನಾಚಿಕಿ ಬರಂಗಿಲ್ಲ ನಿನಗ?”

ಕಲ್ಲಣ್ಣ ಪಾಟೀಲ ಬಾಗಿಲಲ್ಲಿ ನಿಂತಿದ್ದ. ಸಾವಿತ್ರಿಬಾಯಿ ತಲೆ ಎತ್ತದೆ, ಬಳ್ಳಿಯನ್ನು ಒಣಗಿಸಲು ಮರಾಠಿ ಪೇಪರಿನ ಹಾಳೆಗಳ ನಡುವೆ ಹರವುತ್ತಿದ್ದಳು. ಕಂದೀಲಿನಂಥ ಪುಟ್ಟ ಹೂವು, ಬುಡದಲ್ಲೊಂದು ಗಡ್ಡೆ. ಗಿಡ ಕಾಯುವ ತರಬೇತಿಗೆ ಬಂದ ಹನ್ನೆರಡು ಹೆಂಗಸರಲ್ಲಿ ಇದನ್ನು ಹುಡುಕಿ ತಂದವಳು ಅವಳೊಬ್ಬಳೇ. ಊರ ನೆಲವೆಲ್ಲ ನೇಗಿಲಿಗೆ ಬಿದ್ದ ಮೇಲೆ ಈ ಬಳ್ಳಿ ಉಳಿದದ್ದು ಅವಳ ಕೇರಿಯ ಸುಡುಗಾಡಿನಲ್ಲಿ, ಅವಳ ಅವ್ವನನ್ನು ಹುಗಿದ ಕಡೆ. ಆ ಸುಡುಗಾಡಿನ ಮೂರು ಮಗ್ಗುಲನ್ನು ಕಲ್ಲಣ್ಣ ಆಗಲೇ ತನ್ನ ಕಬ್ಬಿಗೆ ಸೇರಿಸಿಕೊಂಡಿದ್ದ.

ಸೋಲಾಪುರದಿಂದ ಕಲಿಸಲು ಬಂದ ಪ್ರಣಿತಾ ಚೀಟಿ ಮುಂದಿಟ್ಟಳು. “ಮಾವಶಿ, ಗಿಡಾ ಸಿಕ್ಕ ಜಾಗಾ ನೀವ ಬರೀರಿ. ಇದು ಅಪರೂಪದ ಗಿಡಾ, ಚೀಟಿ ಫಾರೆಸ್ಟ್ ಆಫೀಸಿಗೆ ಹೋಗ್ತದ. ಆಮ್ಯಾಲ ಅಲ್ಲಿ ಯಾರೂ ನೇಗಿಲಾ ಹಾಕಂಗಿಲ್ಲ.”

ಕಲ್ಲಣ್ಣನ ದನಿ ತಟ್ಟನೆ ಇಳಿಯಿತು. “ಹೌದಾ? ಹಂಗಾರ ನನ್ನ ಹೊಲದ ಬದು ಅಂತ ಬರಿ. ಸರಕಾರದ ಕಾಗದದಾಗ ಆ ಜಾಗಾ ನಂದ ಆಗಲಿ.”

“ಪಾಟೀಲರ, ಹಂಗ ಬರಿಯಾಕ...” ಪ್ರಣಿತಾ ಮಾತನ್ನು ಅರ್ಧಕ್ಕೇ ನುಂಗಿದಳು. ತರಬೇತಿಗೆ ಸಾಲಿಯ ಈ ಖೋಲಿ ಕೊಡಿಸಿದವನು ಅವನೇ.

“ನಿನ್ನ ಗಂಡ ಖಂಡ್ಯಾ ಹೊರಗ ನನ್ನ ಟ್ರ್ಯಾಕ್ಟರ್ ಮ್ಯಾಲ ಕುಂತಾನ, ಸಾವಿತ್ರಿ. ತಿಳೀತೇನ?”

ತಿಳಿಯಿತು. ಇವನಿಗೆ ಎದುರಾಡಿದ ಅವಳ ಕೇರಿಯ ಧರ್ಮರಾಜ ಹೋದ ವರ್ಷ ಬಾವಿಯಲ್ಲಿ ಹೆಣವಾಗಿ ತೇಲಿದ್ದ. ಅವಳ ತೊಡೆಗಳ ನಡುವೆ ಬಿಸಿ ಇಳಿದು ಸೀರೆ ತೊಯ್ದಿತು. ಪಕ್ಕದಲ್ಲಿ ಕೂತ ಅಕ್ಕನಾಗಮ್ಮ ನೋಡಿದಳು, ತನ್ನ ಚೀಲ ಸರಿಸಿ ಮರೆ ಮಾಡಿದಳು.

“ಅಂವ ಹೇಳಿದಂಗ ಬರದ ಬಿಡ ಯವ್ವಾ. ಮಕ್ಕಳ ತಾಯಿ ನೀ.”

“ನಮ್ಮವ್ವ ಅವನ ಬದುವಿನ್ಯಾಗ ಯಾವಾಗ ಮಲಗಿದ್ಳಕ್ಕಾ?”

ಸಾವಿತ್ರಿಬಾಯಿ ಒಂದೊಂದೇ ಅಕ್ಷರ ಕೂಡಿಸಿ ಬರೆದಳು: ನಮ್ಮ ಕೇರಿಯ ಸುಡುಗಾಡು. ಚೀಟಿಯನ್ನು ಹಾಳೆಗೆ ಅಂಟಿಸಿ, ಅಂಗೈಯಿಂದ ಒತ್ತಿ ಹಿಡಿದಳು.

ಕಲ್ಲಣ್ಣ ಬಗ್ಗಿ ಓದಿದ. ಹೊರಗೆ ಹೋದ.

“ಖಂಡ್ಯಾ! ನೇಗಿಲಾ ಹಚ್ಚು. ಚೀಟಿ ಆಫೀಸ್ ಮುಟ್ಟೂದ್ರಾಗ ಸುಡಗಾಡಾ ಹರಗಿ ಮುಗಿಸು.”

ಸಾವಿತ್ರಿಬಾಯಿ ಕಿಟಕಿಯ ಸರಳು ಹಿಡಿದು ನಿಂತಳು. ಅಂಗಳದಲ್ಲಿ ಟ್ರ್ಯಾಕ್ಟರಿನ ಮೇಲೆ ಕೂತ ಗಂಡನ ಕೈ ಚಾವಿಯ ಮೇಲಿತ್ತು. ಅವನು ಅದನ್ನು ತಿರುಗಿಸಲಿಲ್ಲ. ಕೆಳಗೂ ಇಳಿಯಲಿಲ್ಲ.

ಕಲ್ಲಣ್ಣ, ಯಾರೂ ಹೊರಬೀಳದಂತೆ, ಅಂಗಳದ ಗೇಟನ್ನು ಒಳಗಿನಿಂದ ಮುಚ್ಚುತ್ತಿದ್ದ.