ಸೀನಿದರೆ ಮತ್ತೆ ಒಂದನೇ ದಿನ

ನಮ್ಮಮ್ಮ ಮೂವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು. ನಿವೃತ್ತಿಯಾದದ್ದು ಕೆಲಸದಿಂದ ಮಾತ್ರ, ದರ್ಬಾರಿನಿಂದಲ್ಲ. ಯಾರೋ ಮನೆ ಖಾಲಿ ಮಾಡುವಾಗ ಪಂಜರ ಸಮೇತ ಬಿಟ್ಟುಹೋಗಿದ್ದ ಎರಡು ಸಾಕು ಇಲಿಗಳನ್ನು ನಾನು ತಂದಾಗ ಬಾಗಿಲಲ್ಲೇ ತಡೆದಳು.

"ಮೂರು ವಾರ ಮಹಡಿ ಕೋಣೇಲಿರ್ಲಿ. ಒಂದು ಸಲ ಸೀನಿದ್ರೂ ಮತ್ತೆ ಒಂದನೇ ದಿನದಿಂದ ಲೆಕ್ಕ."

ಅವನ್ನು ತಂದದ್ದು ನಮ್ಮ ಮುದುಕಿಗೋಸ್ಕರ. ಮುದುಕಿ ಎಂದರೆ ನನ್ನ ಹಳೆಯ ಇಲಿ. ಜೊತೆಗಾತಿ ಸತ್ತ ಮೇಲೆ ಮೂಲೆ ಹಿಡಿದು, ಕಾಳನ್ನು ಮೂಸಿ ಹಾಗೇ ಬಿಡುತ್ತಿತ್ತು. ಬೇಗ ಜೊತೆ ಸಿಗದಿದ್ದರೆ ಅದು ಉಳಿಯುವುದಿಲ್ಲ; ಹೊಸಬರಿಂದ ಸೋಂಕು ತಗುಲಿದರೂ ಉಳಿಯುವುದಿಲ್ಲ. ಅಮ್ಮ ಹೇಳಿದ್ದು ಸರಿಯಾಗಿತ್ತು, ನನ್ನ ಸಿಟ್ಟೆಲ್ಲ ಅದಕ್ಕೇ.

ಮುದುಕಿಯ ಆರೈಕೆ ಅಮ್ಮನದು. ಅದಕ್ಕೇ ಅವಳು ಮಹಡಿ ಹತ್ತುವಂತಿರಲಿಲ್ಲ, ನಿಯಮ ಅವಳದೇ. ಹೊಸಬರನ್ನು ಗಡಿಯಾರ ರಿಪೇರಿ ಮಾಡುವ ಅಪ್ಪ ತಾನಾಗಿ ವಹಿಸಿಕೊಂಡ. ಬೇರೆ ಅಂಗಿ, ಬೇರೆ ಚಪ್ಪಲಿ, ಇಳಿದು ಬಂದರೆ ಮೊಣಕೈವರೆಗೆ ಸೋಪು. ದಿನವೂ ಒಂದು ಗಂಟೆ ಮೇಲೆ ಕೂರುತ್ತಿದ್ದ. ಎಂಥ ಪ್ರೀತಿ ಎಂದು ನಾನು ಕರಗಿಹೋದೆ.

ಹದಿನೆಂಟನೇ ದಿನ ನಾನು ಅಪ್ಪನನ್ನು ಕರೆಯಲು ಮಹಡಿಗೆ ಹೋದಾಗ ಎರಡೂ ಇಲಿಗಳು ಸೀನಿದವು. ನಾನು ಹೇಳಿದ್ದೇ ತಡ, ಅಮ್ಮ ಲೆಕ್ಕವನ್ನು ಮತ್ತೆ ಒಂದರಿಂದ ಶುರು ಮಾಡಿದಳು. ಹತ್ತು ದಿನಕ್ಕೆ ಮತ್ತೆ ಸೀನು. ನಾನೂ ಅಪ್ಪನೂ ಅವನ್ನು ಪ್ರಾಣಿವೈದ್ಯರಿಗೆ ತೋರಿಸಿದೆವು.

"ಶ್ವಾಸಕೋಶ ಚೊಕ್ಕವಾಗಿದೆ. ಕೋಣೇಲಿ ಏನಾದ್ರೂ ಘಾಟು ಇದೆಯಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಪ್ಪ ಮೂಗು ಒರೆಸಿಕೊಂಡ. ನನಗೆ ಆಗಲೂ ಹೊಳೆಯಲಿಲ್ಲ.

ಮನೆಗೆ ಬಂದರೆ ಮುದುಕಿ ಅಮ್ಮನ ಅಂಗೈಯಲ್ಲಿ ಒಣ ಎಲೆಯ ಹಾಗೆ ಮಲಗಿತ್ತು. ನೀರೂ ಕುಡಿದಿರಲಿಲ್ಲ.

"ಸೀನಿನ ಕಾರಣ ಗೊತ್ತಾಗೋವರೆಗೂ ಅವನ್ನ ನಾನು ಕೆಳಗೆ ಬಿಡಲ್ಲ," ಎಂದಳು ಅಮ್ಮ.

ಅಪ್ಪ ಮುದುಕಿಯನ್ನೇ ನೋಡುತ್ತ ನಿಂತಿದ್ದ. "ಕಾರಣ ನಾನೇ ಕಣೇ. ಮೇಲೆ ಕೂತು ನಶ್ಯ ಏರಿಸ್ತಿದ್ದೆ. ಮನೇಲಿ ನೀನು ಬರದೇ ಇರೋ ಜಾಗ ಆ ಕೋಣೆ ಒಂದೇ ಅಲ್ವಾ?"

ನಶ್ಯ ಬಿಟ್ಟೆನೆಂದು ಅಪ್ಪ ಆಣೆ ಮಾಡಿ ಎರಡು ವರ್ಷವಾಗಿತ್ತು. ಅಮ್ಮ ಕೂಗಾಡಲಿಲ್ಲ, ಅವನ ಜೊತೆ ಮಾತೇ ಬಿಟ್ಟಳು. ಕೋಣೆ ತೊಳೆಸಿದಳು. ಇನ್ನೊಂದು ವಾರ ಸೀನಿಲ್ಲದೆ ಕಳೆಯಬೇಕೆಂದು ಅಪ್ಪನಿಗೆ ನನ್ನ ಮೂಲಕ ಹೇಳಿ ಕಳಿಸಿದಳು. ಆ ವಾರವೆಲ್ಲ ಮುದುಕಿಗೆ ಹನಿ ಹನಿಯಾಗಿ ಗಂಜಿ ಕುಡಿಸಿದಳು.

ಎಂಟನೇ ದಿನ ಮೂರನ್ನೂ ಮೇಜಿನ ಮೇಲೆ ಬಿಟ್ಟೆವು. ಹೊಸಬರಲ್ಲೊಂದು ಕಾಳು ಕಚ್ಚಿಕೊಂಡು ಹತ್ತಿರ ಬಂತು. ಮುದುಕಿ ಮೂಸಿತು, ಗಬಕ್ಕನೆ ಕಾಳನ್ನು ಕಿತ್ತುಕೊಂಡು ಕಟಕಟನೆ ತಿಂದಿತು.

ಅಮ್ಮ ಕಣ್ಣೊರೆಸಿಕೊಂಡು ಅಪ್ಪನ ಕಡೆ ತಿರುಗಿದಳು.

"ರೀ, ಬನ್ನಿ. ಊಟ ಆರಿಹೋಗತ್ತೆ."