ಅಯ್ಯನವರ ಕಾಲುಚೀಲ

ಹುನಗುಂದದ ಬಿಸಿಲಿನಲ್ಲಿ ಕೂತು ಉಲ್ಲನ್ ಕಾಲುಚೀಲ ಹೆಣೆಯುವ ಹೆಂಗಸು ಇಡೀ ತಾಲ್ಲೂಕಿಗೆ ಒಬ್ಬಳೇ ಇದ್ದಳು. ಅವಳು ನನ್ನ ಪಾಲಿಗೆ ಬಂದಿದ್ದಳು. ಇದು ಎಪ್ಪತ್ತೊಂಬತ್ತರ ಮಾತು. ನಾನಾಗ ಅಲ್ಲಿಯ ಸಾಲೆಯಲ್ಲಿ ಗಣಿತದ ಮಾಸ್ತರ. ನನ್ನ ಹೆಂಡತಿ ಶಿವಲಿಂಗವ್ವ ಇಳಕಲ್ಲಿನ ತವರಿಗೆ ಹೋದಾಗ ಪಕ್ಕದ ಮನೆಯ ಜುಲೇಖಾಳಿಂದ ಈ ವಿದ್ಯೆ ಕಲಿತು ಬಂದಳು. ಜುಲೇಖಾಳ ಗಂಡ ಮಿಲಿಟರಿಯವನು, ಕಾಶ್ಮೀರದ ಹಿಮದಲ್ಲಿದ್ದ. ಆಕೆ ಹೆಣೆಯುವುದಕ್ಕೆ ಒಂದು ಅರ್ಥವಿತ್ತು. ನಮ್ಮ ಮನೆಯಲ್ಲಿ ಹಿಮವೆಂದರೆ ಕ್ಯಾಲೆಂಡರಿನಲ್ಲಿ ಶಿವನ ಹಿಂದೆ ಕಾಣುವುದಷ್ಟೇ.

ಕಾಲುಚೀಲಕ್ಕೆ ನಾಲ್ಕು ಕಡ್ಡಿ ಬೇಕು. ಮೂರರ ಮೇಲೆ ಕುಣಿಕೆಗಳು ಕೂತಿರುತ್ತವೆ, ನಾಲ್ಕನೆಯದು ಸುತ್ತ ಹೆಣೆಯುತ್ತ ಹೋಗುತ್ತದೆ. ಆ ನಾಲ್ಕೂ ನನ್ನ ಸೈಕಲ್ಲಿನ ಹಿಂದಿನ ಗಾಲಿಯಿಂದ ಬಂದವು. ಕಲ್ಲಿಗೆ ತಿಕ್ಕಿ ತುದಿ ನುಣುಪು ಮಾಡಿಕೊಂಡಿದ್ದಳು. ನಾನು ಓಲಾಡುತ್ತ ಸಾಲೆಗೆ ಹೋಗುವುದನ್ನು ಕಂಡು ಹುಡುಗರು ನಕ್ಕರು. ಮನೆಗೆ ಬಂದು ಕೇಳಿದರೆ, "ಗಾಲ್ಯಾಗ ಅಷ್ಟಕೊಂದು ಕಡ್ಡಿ ಅದಾವು, ನಾಕು ಹೋದ್ರ ಏನಾಕ್ಕೈತ್ರಿ?" ಎಂದಳು. ಗಣಿತದ ಮಾಸ್ತರನಿಗೆ ಈ ಲೆಕ್ಕ.

ಹೆಣೆದಳು ಸರಿ, ಹಾಕಿಕೊಳ್ಳುವವರು ಯಾರು? ನನ್ನ ತಾಯಿ ತನಗೆ ಬಂದದ್ದರಲ್ಲಿ ಬಳ್ಳೊಳ್ಳಿ ತುಂಬಿ ಗೂಟಕ್ಕೆ ತೂಗುಹಾಕಿದಳು. ಎದುರುಮನೆಯ ಪದ್ಮವ್ವ ಕಂದೀಲಿನ ಗಾಜು ಒರೆಸಲು ಇಟ್ಟುಕೊಂಡಳು. ನಾನು ಒಂದು ದಿನ ಹಾಕಿಕೊಂಡು ಹೋಗಿ, ಎರಡನೆಯ ಪಿರಿಯಡ್ಡಿಗೇ ಬಿಚ್ಚಿ ಜೇಬಿಗೆ ತುರುಕಿದೆ. ಸಂಜೆ ಅವಳು ಜೇಬು ನೋಡಿದಳು. ಮರುದಿನ ಅಡಿಗೆಮನೆಯಿಂದಲೇ ಹೇಳಿದಳು: "ಒಬ್ಬರ ಕಾಲಾಗಾದ್ರೂ ಇವು ಒಂದಿನ ಪೂರ್ತಿ ಇದ್ದದ್ದನ್ನ ನೋಡಬೇಕಂತ ಆಸೇರಿ. ಮತ್ತೇನಿಲ್ಲ."

ನನಗೆ ಕೆಟ್ಟೆನಿಸಿತು. ಆದರೂ ಹಾಕಿಕೊಳ್ಳಲಿಲ್ಲ, ಚುಚ್ಚುತ್ತಿದ್ದವು.

ಆ ವರ್ಷ ಶ್ರಾವಣದಲ್ಲಿ ಸೂರ್ಯ ಮುಖ ತೋರಿಸಲಿಲ್ಲ, ತಂಗಾಳಿ ಬೀಸಿದ್ದೇ ಬೀಸಿದ್ದು. ಮೊದಲ ಸೋಮವಾರ ಬಸಯ್ಯನವರು ನಮ್ಮ ಮನೆಗೆ ಪಾದಪೂಜೆಗೆ ಬಂದರು. ಅರವತ್ತೈದು ದಾಟಿದ ಜಂಗಮರು. ಅವರ ಪಾದ ತೊಳೆದು, ವಿಭೂತಿ ಹಚ್ಚಿ, ಪತ್ರಿ ಏರಿಸಿ, ಆ ನೀರನ್ನು ತೀರ್ಥವೆಂದು ತೆಗೆದುಕೊಳ್ಳದೆ ಶ್ರಾವಣ ಸೋಮವಾರ ನಮ್ಮ ಓಣಿಯಲ್ಲಿ ಯಾರೂ ತುತ್ತು ಎತ್ತುತ್ತಿರಲಿಲ್ಲ. ಊಟ ಮುಗಿಸಿ ಅವರು ಹೊರಟಾಗ ಶಿವಲಿಂಗವ್ವ ಹೊಸ ಕೆಂಪು ಜೋಡಿಯೊಂದನ್ನು ತಂದು ಮುಂದಿಟ್ಟಳು. ನಾನು ಕಣ್ಣು ಕೆಂಪಗೆ ಮಾಡಿದೆ. ಅಯ್ಯನವರು ಅದನ್ನು ಹಿಂದೆಮುಂದೆ ತಿರುಗಿಸಿ ನೋಡಿ, ಕಾಲಿಗೇರಿಸಿ, ಚಪ್ಪಲಿಯ ಉಂಗುಟಕ್ಕೆ ಹೇಗೋ ಬೆರಳು ತೂರಿಸಿ ನಡೆದೇಬಿಟ್ಟರು. ಹೆಂಡತಿ ಓಣಿಯ ತಿರುವಿನವರೆಗೆ ಆ ಕಾಲುಗಳನ್ನೇ ನೋಡುತ್ತ ನಿಂತಳು. ನನ್ನ ಕಾಲಿನ ಕಡೆಗೆ ಅವಳು ಹಾಗೆ ಎಂದೂ ನೋಡಿದವಳಲ್ಲ.

ಮುಂದಿನ ಸೋಮವಾರ ಗದ್ದಲವಾಯಿತು. ಅಯ್ಯನವರು ಪದ್ಮವ್ವನ ಮನೆಯಲ್ಲಿ ಕಾಲುಚೀಲ ಸಮೇತ ಮಣೆಯ ಮೇಲೆ ಕುಳಿತರು. ಬಿಚ್ಚಿರಿ ಎನ್ನುವ ಧೈರ್ಯ ಯಾರಿಗೂ ಆಗಲಿಲ್ಲ. ಪದ್ಮವ್ವ ಕಣ್ಣು ಮುಚ್ಚಿ, ಶಿವನನ್ನು ನೆನೆದು, ಅದರ ಮೇಲೆಯೇ ತಂಬಿಗೆ ನೀರು ಸುರಿದಳು. ಅಗ್ಗದ ಉಲ್ಲನ್, ಬಣ್ಣ ಬಿಟ್ಟಿತು. ತಾಟಿನ ತುಂಬ ಕೆಂಪು ನೀರು. ಪದ್ಮವ್ವನ ಅತ್ತೆ ಅದನ್ನು ಅಂಗೈಯಲ್ಲಿ ಹಿಡಿದು, ಕುಡಿಯಲೂ ಆಗದೆ ಚೆಲ್ಲಲೂ ಆಗದೆ ಬಹಳ ಹೊತ್ತು ಹಾಗೇ ಕೂತಿದ್ದಳಂತೆ.

ಸಂಜೆಗೆ ಓಣಿಯ ಹಿರಿಯರು ನಮ್ಮ ಕಟ್ಟೆಗೆ ಬಂದರು. "ಮಾಸ್ತರ, ನಿಮ್ಮ ಮನಿಯವ್ರು ಅಯ್ಯಾರ ಪಾದಾನ ಚೀಲದಾಗ ಹಾಕಿಬಿಟ್ಟಾರ. ಇನ್ನ ನಾವು ಪೂಜಿ ಯಾತರದು ಮಾಡೋಣು?" ಎಂದರು.

ನಾನು ಒಳಗೆ ಹೋಗಿ, "ಹೋಗಿ ಇಸ್ಕೊಂಡ ಬಾ" ಎಂದೆ.

"ಕೊಟ್ಟದ್ದನ್ನ ತಿರಗಿ ಕೇಳಾಕ ನನಗ ನಾಲಿಗಿ ಏಳೂದಿಲ್ರಿ," ಎಂದಳು. ಕಣ್ಣಲ್ಲಿ ನೀರು. "ಹಾಕ್ಕೊಂಡವ್ರು ಅವರೊಬ್ಬರ."

ಹಾಗಾದರೆ ನಾನೇ ಕೇಳುತ್ತೇನೆಂದು ಸಿಟ್ಟಿನಲ್ಲಿ ಅವಳನ್ನೂ ಕರೆದುಕೊಂಡು ಹೊರಟೆ.

ಅಯ್ಯನವರು ಆಗಷ್ಟೇ ಕೊನೆಯ ಮನೆ ಮುಗಿಸಿ ಬಂದಿದ್ದರು. ಕಾಲುಚೀಲಗಳು ಒಲೆಯ ಪಕ್ಕ ಒಣಗುತ್ತಿದ್ದವು. ವಿಭೂತಿ, ಪತ್ರಿ ಇಲ್ಲದೆ ಆ ಪಾದಗಳನ್ನು ನಾನು ಕಣ್ಣಿಟ್ಟು ನೋಡಿದ್ದು ಅದೇ ಮೊದಲು. ಬೆರಳ ಸಂದಿಯೆಲ್ಲ ನೀರು ತಿಂದು ಬೆಳ್ಳಗಾಗಿತ್ತು, ಹಿಮ್ಮಡಿ ಸೀಳಿತ್ತು.

"ಅಯ್ಯಾರ, ಪೂಜಿ ಹೊತ್ತಿಗೆ ಕಾಲಚೀಲ ಬಿಚ್ಚಿದ್ರ ಛಲೋ ಆಗತಿತ್ರಿ," ಎಂದೆ.

"ಬಿಚ್ಚಾಕೇನು ಮಾಸ್ತರ, ಬಿಚ್ಚತೇನಿ. ತಿರಗಿ ಹೆಂಗ ಹಾಕ್ಕೊಳ್ಳಲಿ? ಒದ್ದಿ ಕಾಲು ಇದರಾಗ ಹೋಗಂಗಿಲ್ಲ. ಒಂದ ದಿನಕ್ಕ ಏಳೆಂಟು ಮನಿ. ನಲವತ್ತು ವರ್ಷ ಆತು, ನೀರ ಹಾಕಾವ್ರು ಭಾಳ ಮಂದಿ. ಒರಸಾವ್ರು ಯಾರೂ ಇಲ್ಲ."

ಬಸ್ಸಿನ ಹೊತ್ತು ಹೇಳಿದಂತೆ ಹೇಳಿದರು, ದೂರಲಿಲ್ಲ. ನಮ್ಮ ಮನೆಯಲ್ಲಿ ಹದಿನೆಂಟು ವರ್ಷದಿಂದ ನೀರು ಹಾಕುತ್ತಿದ್ದವನು ನಾನೇ. ನಾಚಿಕೆಯಾಯಿತು. ಹೆಗಲ ಮೇಲಿನ ಟವೆಲ್ ತೆಗೆದುಕೊಂಡು ನೆಲಕ್ಕೆ ಕುಳಿತು ಬೆರಳು ಬೆರಳು ಬಿಡಿಸಿ ಒರೆಸಿದೆ.

ಶಿವಲಿಂಗವ್ವನಿಗೆ ಬೇರೆಯದೇ ಚಿಂತೆ. "ಅಯ್ಯಾರ, ಹಿಮ್ಮಡಿ ಸರಿ ಕುಂದರತೈತೇನ್ರಿ?"

"ಬಲಗಾಲಿಂದು ಛಲೋ ಐತಿ ತಂಗೀ. ಎಡಗಾಲಿಂದು ಚೂರು ಬಿಗಿ. ಮತ್ತ, ಚುಚ್ಚತಾವು."

ಬಿಗಿಯೆಂದು ಹೇಳಬೇಕಾದರೆ ಹಾಕಿಕೊಂಡು ನಡೆದಿರಬೇಕು. ಹೊಗಳಿದ್ದರೂ ಅವಳ ಮುಖ ಅಷ್ಟು ಅರಳುತ್ತಿರಲಿಲ್ಲ. ಒಲೆಯ ಪಕ್ಕದ ಎಡಗಾಲಿನದನ್ನು ಎತ್ತಿಕೊಂಡು, ಸೊಂಟದಿಂದ ಕಡ್ಡಿಗಳನ್ನು ತೆಗೆದು, ಬೆರಳ ತುದಿಯಿಂದ ಹಿಮ್ಮಡಿಯವರೆಗೆ ಸರಸರನೆ ಬಿಚ್ಚಿದಳು.

"ಚೂರು ತಡೀರಿ ಅಯ್ಯಾರ," ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಅಲ್ಲೀತನಕ ಕಾಲು ತಣ್ಣಗಾಗದಂಗ ನೀವು ಹಿಡಕೊಂಡಿರ್ರಿ," ಎಂದಳು.

ನಾನು ಎರಡೂ ಪಾದಗಳನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಅಯ್ಯನವರು ಗೋಡೆಗೆ ಒರಗಿದವರು ಹತ್ತು ನಿಮಿಷದಲ್ಲಿ ಗೊರಕೆ ಹೊಡೆಯತೊಡಗಿದರು. ನನ್ನ ಕಾಲು ಜೋಮು ಹಿಡಿಯಿತು. ಅವರಿಗೆ ಎಚ್ಚರವಾದೀತೆಂದು ನಾನು ಅಲುಗಾಡಲಿಲ್ಲ.